ಪೆನ್ಸಿಲ್‌ಗೆ 4, ಪೆನ್ನಿಗೆ 11: ಗಣಿತದ ಕ್ಲಾಸಲ್ಲಿ ಮಾತಾಡೋಕೆ ಬಿಟ್ಟರೆ ಏನಾಗುತ್ತೆ?

ಗಣಿತದ ಪೀರಿಯಡ್ಡಿನಲ್ಲಿ ಪಕ್ಕದವರ ಜೊತೆ ಮಾತಾಡಿ ಬೆಂಚಿನ ಮೇಲೆ ನಿಂತವರು ಇದನ್ನು ಓದುತ್ತಿರುವವರಲ್ಲಿ ಸುಮಾರು ಜನ ಇರಬಹುದು. ತಮಾಷೆ ಏನೆಂದರೆ, ಹಾಗೆ ನಿಂತಿದ್ದ ನಮಗೆಲ್ಲ ಇವತ್ತು ಕಂಪನಿಗಳು ಸಂಬಳ ಕೊಡುತ್ತಿರುವುದು ಹೆಚ್ಚುಕಮ್ಮಿ ಪಕ್ಕದವರ ಜೊತೆ ಮಾತಾಡುವುದಕ್ಕೇ. ಬೆಳಿಗ್ಗೆ ಸ್ಟ್ಯಾಂಡಪ್, ಮಧ್ಯಾಹ್ನ ಡಿಸೈನ್ ಚರ್ಚೆ, ಸಂಜೆ ಕೋಡ್ ರಿವ್ಯೂ. ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಓದಿ ಒಪ್ಪದೆ ನಮ್ಮ ಟೀಮಲ್ಲಿ ಒಳಗೆ ಬಿಡುವುದಿಲ್ಲ. "ಯಾಕೆ ಹೀಗೆ ಮಾಡಿದೆ?" ಅಂತ ಕೇಳಿದರೆ ಹೇಳಲೇಬೇಕು. "ವರ್ಕ್ ಆಗುತ್ತಲ್ಲ" ಅಂದರೆ ಯಾರೂ ಬಿಡಲ್ಲ.

ಹೈಸ್ಕೂಲ್ ಗಣಿತದಲ್ಲಿ ಈ "ಯಾಕೆ"ಯನ್ನು ನಾವು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಬೋರ್ಡ್ ಮೇಲೆ ಬಂದದ್ದು ನೋಟ್ಸಿಗೆ ಇಳಿಯುತ್ತಿತ್ತು, ನೋಟ್ಸಲ್ಲಿದ್ದದ್ದು ಪರೀಕ್ಷೆಗೆ ಇಳಿಯುತ್ತಿತ್ತು. ಮಧ್ಯೆ ತಲೆಯೊಳಗೆ ಹಾದುಹೋಯಿತೋ ಇಲ್ಲವೋ ಅಂತ ಕೇಳುವವರು ಇರಲಿಲ್ಲ.

ನನ್ನ ಅತ್ತಿಗೆ ತಿಪಟೂರು ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತದ ಟೀಚರ್. ಎರಡು ವರ್ಷದಿಂದ ಊರಿಗೆ ಹೋದಾಗೆಲ್ಲ, ಹೆಡ್‌ಮೇಷ್ಟ್ರ ಅನುಮತಿ ತಗೊಂಡು, ಶನಿವಾರ ಬೆಳಗಿನ ಕ್ಲಾಸಿನಲ್ಲಿ ಹಿಂದೆ ಹೋಗಿ ಕೂರುತ್ತೇನೆ. ಹತ್ತನೇ ಕ್ಲಾಸು, 42 ಮಕ್ಕಳು, 40 ನಿಮಿಷ. ಅತ್ತಿಗೆ ಅಲ್ಲಿ ಮಾಡಲು ಹೊರಟಿರುವುದು ಹೇಳುವುದಕ್ಕೆ ಬಹಳ ಸುಲಭ: ಮಕ್ಕಳು ಒಬ್ಬರಿಗೊಬ್ಬರು ಲೆಕ್ಕ ಹೇಳಿಕೊಡಬೇಕು. ಮಾಡುವುದು ಎಷ್ಟು ಕಷ್ಟ ಅನ್ನುವುದನ್ನು ನೋಡಿದ ಮೇಲೆ ಬರೆಯೋಣ ಅನ್ನಿಸಿತು. ಮಕ್ಕಳ ಹೆಸರು, ಶಾಲೆಯ ಹೆಸರು ಬರೆಯುತ್ತಿಲ್ಲ.

ಗುಂಪು ಮಾಡಿದರೆ ಸಾಲದು

ಮೊದಲ ವರ್ಷ ಅತ್ತಿಗೆ ನಾಲ್ಕು ನಾಲ್ಕು ಜನರ ಗುಂಪು ಮಾಡಿ ಲೆಕ್ಕ ಕೊಟ್ಟಿದ್ದರು. ಆದದ್ದು ಇಷ್ಟೇ: ಗುಂಪಿನಲ್ಲಿ ಗೊತ್ತಿರುವ ಒಬ್ಬ ಮಾಡಿದ, ಮೂವರು ನೋಡಿ ಬರೆದುಕೊಂಡರು. "ಮುಂಚೆ ಬೋರ್ಡ್ ನೋಡಿ ಕಾಪಿ ಮಾಡ್ತಿದ್ರು, ಈಗ ಪಕ್ಕದವನ ನೋಟ್‌ಬುಕ್ ನೋಡಿ ಕಾಪಿ ಮಾಡ್ತಾರೆ. ಅಷ್ಟೇ ವ್ಯತ್ಯಾಸ. ಬೋರ್ಡ್‌ನಲ್ಲಿ ಅಕ್ಷರನಾದ್ರೂ ಚೆನ್ನಾಗಿತ್ತು" ಅಂತ ನಗುತ್ತಾರೆ.

ಇದು ಅವರೊಬ್ಬರ ಅನುಭವ ಅಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನ ನೊರೀನ್ ವೆಬ್ ಅನ್ನುವ ಸಂಶೋಧಕಿ ಗಣಿತದ ಸಣ್ಣ ಗುಂಪುಗಳಲ್ಲಿ ಮಕ್ಕಳು ಏನೇನು ಮಾತಾಡಿಕೊಳ್ಳುತ್ತಾರೆ ಅನ್ನುವುದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಅವರು ಕಂಡದ್ದು: ವಿವರಿಸಿ ಹೇಳುವ ಮಗು ಚೆನ್ನಾಗಿ ಕಲಿಯುತ್ತದೆ. ಬರೀ ಉತ್ತರ ಸಿಕ್ಕಿದ ಮಗುವಿಗೆ ಲಾಭವಿಲ್ಲ, ಕೆಲವೊಮ್ಮೆ ನಷ್ಟ. ವಿವರಣೆ ಕೇಳಿಸಿಕೊಂಡ ಮಗುವಿಗೂ, ಅದನ್ನು ತಾನೇ ಇನ್ನೊಂದು ಲೆಕ್ಕದಲ್ಲಿ ಮಾಡಿ ನೋಡುವ ಅವಕಾಶ ಸಿಕ್ಕಿದರೆ ಮಾತ್ರ ಉಪಯೋಗ. ಇನ್ನೂ ಒಂದು ವಿಷಯವಿದೆ. "ನಂಗೆ ಅರ್ಥ ಆಗ್ತಿಲ್ಲ" ಅಂತ ಕೇಳಿದರೆ ಗುಂಪಿನಲ್ಲಿ ಸಿಗುವುದು ಉತ್ತರ. "ಈ ಸಾಲಿಂದ ಈ ಸಾಲಿಗೆ ಹೆಂಗೆ ಬಂತು?" ಅಂತ ಕೇಳಿದರೆ ಸಿಗುವುದು ವಿವರಣೆ.

ಇದನ್ನು ಓದಿ ನನಗೆ ನಮ್ಮ ಆಫೀಸಿನ ಬಗ್ ರಿಪೋರ್ಟುಗಳು ನೆನಪಾದವು. "ಆ್ಯಪ್ ಓಪನ್ ಆಗ್ತಿಲ್ಲ" ಅಂತ ಬರೆದವರಿಗೆ "ರೀಸ್ಟಾರ್ಟ್ ಮಾಡಿ ನೋಡಿ" ಅನ್ನುವ ಉತ್ತರ ಹೋಗುತ್ತದೆ. ಯಾವ ಸ್ಕ್ರೀನ್, ಯಾವ ಬಟನ್, ಆಮೇಲೆ ಏನಾಯ್ತು ಅಂತ ಬರೆದವರ ಸಮಸ್ಯೆಯನ್ನು ಮಾತ್ರ ಯಾರಾದರೂ ಕೂತು ನೋಡುತ್ತಾರೆ. ಹಾಗೆ ಬರೆಯುವುದನ್ನು ನಮಗೆ ಕೆಲಸಕ್ಕೆ ಸೇರಿದ ಮೇಲೆ ಕಲಿಸಿದರು. ಅತ್ತಿಗೆ ಅದನ್ನು ಹದಿನೈದು ವರ್ಷದ ಮಕ್ಕಳಿಗೆ ಕಲಿಸುತ್ತಿದ್ದಾರೆ.

ಹೇಗೆ? ಗೋಡೆಯ ಮೇಲೆ ಚಾರ್ಟ್ ಶೀಟಿನಲ್ಲಿ ಮೂರೇ ವಾಕ್ಯ ಬರೆದು ಅಂಟಿಸಿದ್ದಾರೆ. "ಇಲ್ಲೀವರೆಗೂ ಅರ್ಥ ಆಯ್ತು, ಇಲ್ಲಿಂದ ಆಗ್ಲಿಲ್ಲ." "ಇಲ್ಲಿಂದ ಇಲ್ಲಿಗೆ ಹೆಂಗ್ ಬಂದೆ?" "ನೀನ್ ಹೇಳಿದ್ದನ್ನ ನಾನ್ ಹೇಳ್ತೀನಿ, ಸರೀನಾ ನೋಡು." ಮೊದಲ ಒಂದು ತಿಂಗಳು ಮಕ್ಕಳು ಇದನ್ನು ನಾಟಕದ ಡೈಲಾಗ್ ಥರ ಹೇಳಿ ನಗುತ್ತಿದ್ದರಂತೆ. ನಗಲಿ ಅಂತ ಬಿಟ್ಟರು. ಮೂರನೇ ವಾಕ್ಯ ಎಲ್ಲಕ್ಕಿಂತ ಕಷ್ಟದ್ದು ಅನ್ನುವುದು ನನ್ನ ಅಭಿಪ್ರಾಯ. ಎದುರಿನವರು ಹೇಳಿದ್ದನ್ನು ನಮ್ಮ ಮಾತಲ್ಲಿ ತಿರುಗಿ ಹೇಳುವುದು ಮೀಟಿಂಗುಗಳಲ್ಲಿ ಹತ್ತು ವರ್ಷ ಅನುಭವ ಇದ್ದವರಿಗೂ ಬರುವುದಿಲ್ಲ.

ಜೊತೆಗೆ ಎರಡು ನಿಯಮ. ಒಂದು, ಗುಂಪಿಗೆ ಒಂದೇ ಚಾಕ್‌ಪೀಸ್. ಅದು ಕೈಯಲ್ಲಿರುವವರು ತಮ್ಮ ಐಡಿಯಾ ಬರೆಯುವ ಹಾಗಿಲ್ಲ, ಬೇರೆಯವರು ಹೇಳಿದ್ದನ್ನು ಮಾತ್ರ ಬರೆಯಬೇಕು. ನಮ್ಮಲ್ಲಿ ಇಬ್ಬರು ಸೇರಿ ಒಂದೇ ಕೀಬೋರ್ಡಿನಲ್ಲಿ ಕೋಡ್ ಬರೆಯುವಾಗ ಮಾಡುವುದು ಇದನ್ನೇ: ಕೈ ಒಬ್ಬರದು, ಬಾಯಿ ಇನ್ನೊಬ್ಬರದು. ಕೆನಡಾದ ಗಣಿತ ಶಿಕ್ಷಣ ಸಂಶೋಧಕ ಪೀಟರ್ ಲಿಲ್ಯೆಡಾಲ್ ಕೂಡ ಇಂಥದ್ದನ್ನೇ ಹೇಳುತ್ತಾರೆ. ಮೂವರ ಗುಂಪು, ಕೂರುವ ಬದಲು ನಿಂತು, ನೋಟ್‌ಬುಕ್ಕಿನ ಬದಲು ಅಳಿಸಬಹುದಾದ ಬೋರ್ಡಿನ ಮೇಲೆ. ಅಳಿಸಬಹುದು ಅಂದರೆ ಮಕ್ಕಳು ಧೈರ್ಯವಾಗಿ ಬರೆಯುತ್ತಾರೆ. ಅತ್ತಿಗೆಯ ಶಾಲೆಯಲ್ಲಿ ಅಷ್ಟು ಬೋರ್ಡು ಎಲ್ಲಿಂದ ಬರಬೇಕು? ಹಳೆ ವಿದ್ಯಾರ್ಥಿಗಳು ಸ್ವಲ್ಪ ದುಡ್ಡು ಹಾಕಿ ವರಾಂಡದ ಗೋಡೆಗೆ ಉದ್ದಕ್ಕೂ ಕಪ್ಪು ಬಣ್ಣ ಬಳಿಸಿಕೊಟ್ಟರು.

ಎರಡನೇ ನಿಯಮ: ಗುಂಪಿನ ಉತ್ತರವನ್ನು ಯಾರು ವಿವರಿಸಬೇಕು ಅನ್ನುವುದನ್ನು ಗುಂಪು ತೀರ್ಮಾನಿಸುವುದಿಲ್ಲ, ಚೀಟಿ ತೀರ್ಮಾನಿಸುತ್ತದೆ. ಡಬ್ಬಿಯಿಂದ ನಂಬರ್ ಎತ್ತಿದಾಗ ಯಾರ ನಂಬರ್ ಬಂತೋ ಅವರೇ ಹೇಳಬೇಕು. ಅಲ್ಲಿಗೆ, ಗೊತ್ತಿರುವವನು ಗೊತ್ತಿಲ್ಲದವನನ್ನು ಬಿಟ್ಟು ಮುಂದೆ ಹೋಗುವ ಹಾಗೇ ಇಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಲೇವಿನ್ ಸಹಕಾರಿ ಕಲಿಕೆಯ ಬಗ್ಗೆ ಮತ್ತೆ ಮತ್ತೆ ಹೇಳುತ್ತಿದ್ದ ಮಾತಿನ ಸಾರವೂ ಇದೇ. ಗುರಿ ಗುಂಪಿನದಾಗಿರಬೇಕು, ಲೆಕ್ಕ ಒಪ್ಪಿಸುವ ಜವಾಬ್ದಾರಿ ಒಬ್ಬೊಬ್ಬರದಾಗಿರಬೇಕು. ಎರಡರಲ್ಲಿ ಒಂದು ಬಿಟ್ಟರೂ ಅದು ಬರೀ ಗುಂಪು.

ಎರಡು ಬಿಲ್ಲಿನ ಲೆಕ್ಕ

ಈಗ ನಾನು ಕಣ್ಣಾರೆ ನೋಡಿದ್ದನ್ನು ಹೇಳುತ್ತೇನೆ.

ಎರಡು ಚರಾಕ್ಷರಗಳ ರೇಖಾತ್ಮಕ ಸಮೀಕರಣದ ಪಾಠ ನಿಮಗೆ ನೆನಪಿರಬಹುದು. ಅದನ್ನು ಬಿಡಿಸಲು ಮೂರು ದಾರಿ: ನಕ್ಷೆ ಬರೆಯುವುದು, ಆದೇಶ ವಿಧಾನ, ವರ್ಜಿಸುವ ವಿಧಾನ. ಅತ್ತಿಗೆ 42 ಮಕ್ಕಳನ್ನು ಮೂವರಂತೆ 14 ಗುಂಪು ಮಾಡಿದ್ದರು. ಪ್ರತಿ ಗುಂಪಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಿಧಾನ. ಮೊದಲ ದಿನ ಒಂದೇ ವಿಧಾನದವರು ಒಟ್ಟಿಗೆ ಕೂತು ಅದನ್ನು ಅರೆದು ಕುಡಿದರು. ಮಾರನೇ ದಿನ ತಮ್ಮ ತಮ್ಮ ಗುಂಪಿಗೆ ವಾಪಸ್ ಬಂದು ಉಳಿದಿಬ್ಬರಿಗೆ ಹೇಳಿಕೊಡಬೇಕು.

ಇದಕ್ಕೆ ಜಿಗ್‌ಸಾ ಅಂತ ಹೆಸರು. ಚಿತ್ರದ ತುಂಡುಗಳನ್ನು ಜೋಡಿಸುವ ಆಟ ಇದೆಯಲ್ಲ, ಆ ಜಿಗ್‌ಸಾ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ತುಂಡು. ಇದು ಹುಟ್ಟಿದ್ದು ಗಣಿತಕ್ಕಾಗಿ ಅಲ್ಲ. 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಬಿಳಿಯರ, ಕಪ್ಪು ಜನರ, ಮೆಕ್ಸಿಕನ್ ಮೂಲದವರ ಮಕ್ಕಳನ್ನು ಮೊದಲ ಸಲ ಒಂದೇ ಕ್ಲಾಸಿನಲ್ಲಿ ಕೂರಿಸಿದಾಗ ಶಾಲೆಗಳಲ್ಲಿ ಜಗಳ ಶುರುವಾಯಿತು. ಪರಿಹಾರ ಹುಡುಕಲು ಕರೆಸಿದ್ದು ಎಲಿಯಟ್ ಆರನ್ಸನ್ ಅನ್ನುವ ಮನಶ್ಶಾಸ್ತ್ರಜ್ಞರನ್ನು. ಕ್ಲಾಸ್ ಪೂರ್ತಿ ಒಬ್ಬರನ್ನೊಬ್ಬರು ಸೋಲಿಸುವ ಪಂದ್ಯದ ಥರ ನಡೆಯುತ್ತಿದೆ ಅನ್ನುವುದನ್ನು ಅವರು ಗಮನಿಸಿದರು. ಪಕ್ಕದವನ ಮಾತು ಕೇಳದಿದ್ದರೆ ತನ್ನ ಕೆಲಸವೇ ಆಗುವುದಿಲ್ಲ ಅನ್ನುವ ಪರಿಸ್ಥಿತಿ ತಂದರು.

ನಮ್ಮ ಊರಿನ ಕ್ಲಾಸಿನಲ್ಲೂ ಯಾರ ಪಕ್ಕ ಯಾರು ಕೂರಬೇಕು ಅನ್ನುವುದು ಶಾಲೆಗೆ ಬರುವ ಮುಂಚೆಯೇ ತೀರ್ಮಾನ ಆಗಿರುತ್ತದೆ. ಯಾವ ಕೇರಿ, ಯಾವ ಮನೆ, ಯಾರ ಬಾಟಲಿಯ ನೀರು ಯಾರು ಕುಡೀತಾರೆ, ಎಲ್ಲ. ಅತ್ತಿಗೆ ಬಾಯಲ್ಲಿ ಇದರ ಬಗ್ಗೆ ಭಾಷಣ ಕೇಳಿಲ್ಲ ನಾನು. ಚೀಟಿ ಎತ್ತಿ ಗುಂಪು ಮಾಡುತ್ತಾರೆ, ಅಷ್ಟೇ.

ಅವತ್ತಿನ ಲೆಕ್ಕ: 3 ಪೆನ್ಸಿಲ್, 2 ಪೆನ್ನಿಗೆ 34 ರೂಪಾಯಿ. 2 ಪೆನ್ಸಿಲ್, 3 ಪೆನ್ನಿಗೆ 41 ರೂಪಾಯಿ. ಒಂದೊಂದಕ್ಕೆ ಎಷ್ಟು?

ನಾನು ಕೂತಿದ್ದ ಗುಂಪಿನಲ್ಲಿ ವರ್ಜಿಸುವ ವಿಧಾನ ಕ್ಲಾಸಿಗೇ ಫಸ್ಟ್ ಬರುವ ಹುಡುಗನಿಗೆ ಬಿದ್ದಿತ್ತು. ನಕ್ಷೆ ಇನ್ನೊಬ್ಬ ಹುಡುಗನಿಗೆ. ಆದೇಶ ವಿಧಾನ ಎರಡನೇ ಬೆಂಚಿನ ಒಬ್ಬ ಹುಡುಗಿಗೆ. ಆ ಹುಡುಗಿ ಕ್ಲಾಸಿನಲ್ಲಿ ಬಾಯಿ ಬಿಡುವುದೇ ಇಲ್ಲ, ತಿಂಗಳಲ್ಲಿ ನಾಲ್ಕೈದು ದಿನ ಬರುವುದೂ ಇಲ್ಲ, ಬಸ್ ಸ್ಟಾಂಡ್ ಹತ್ತಿರದ ಪೆಟ್ಟಿಗೆ ಅಂಗಡಿಯಲ್ಲಿ ಅಮ್ಮನ ಜೊತೆ ಇರುತ್ತಾಳೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಹೋಯಿತು ಅಂದರೆ ಓದು ಅಲ್ಲಿಗೆ ನಿಲ್ಲುತ್ತದೆ ಅಂತ ಮನೆಯಲ್ಲಿ ಮಾತಾಗಿದೆಯಂತೆ.

ಫಸ್ಟ್ ಬರುವವನು ಎರಡು ನಿಮಿಷದಲ್ಲಿ "ಪೆನ್ಸಿಲ್ 4, ಪೆನ್ 11" ಅಂದ. ನಕ್ಷೆಯವನು "ಇಲ್ಲ, ಪೆನ್ಸಿಲ್ 11, ಪೆನ್ 4" ಅಂದ. ಛೇದನ ಬಿಂದುವನ್ನು ಓದುವಾಗ ಎಕ್ಸ್ ಯಾವುದು, ವೈ ಯಾವುದು ಅನ್ನುವುದು ಅದಲುಬದಲಾಗಿತ್ತು. ಆದರೆ ಅವನೂ ಸುಮ್ಮನೆ ಬಿಡಲಿಲ್ಲ. "ಮೂರು ಹನ್ನೊಂದ್ಲಿ ಮೂವತ್ಮೂರು, ಎರಡ್ ನಾಕ್ಲಿ ಎಂಟು, ನಲವತ್ತೊಂದು. ಬಂತಲ್ಲ!" ಅಂದ. ಫಸ್ಟ್ ಬರುವವನೂ ಒಂದು ಕ್ಷಣ ತಬ್ಬಿಬ್ಬಾದ. 41 ಲೆಕ್ಕದಲ್ಲಿ ಇದೆಯಲ್ಲ!

ಆಗ ಆ ಹುಡುಗಿ ತುಂಬಾ ಮೆಲ್ಲಗೆ ಅಂದಳು, "ಎರಡನೇ ಬಿಲ್ಲಲ್ಲಿ ಪೆನ್ ಒಂದು ಜಾಸ್ತಿ, ಪೆನ್ಸಿಲ್ ಒಂದು ಕಮ್ಮಿ. ದುಡ್ಡು ಜಾಸ್ತಿ. ಹಂಗಾದ್ರೆ ಪೆನ್ನೇ ತಾನೆ ದುಬಾರಿ?"

ಹುಡುಗರಿಬ್ಬರೂ ಅವಳ ಮುಖ ನೋಡಿದರು. ಅವಳು ಮುಂದುವರಿಸಿದಳು. "ಎರಡೂ ಬಿಲ್ ಸೇರಿಸಿ. ಐದ್ ಪೆನ್ಸಿಲ್ಲು, ಐದ್ ಪೆನ್ನು, ಎಪ್ಪತ್ತೈದು ರೂಪಾಯಿ. ಒಂದು ಜೊತೆಗೆ ಹದಿನೈದು. ಮೊದಲನೇ ಬಿಲ್ಲಲ್ಲಿ ಎರಡು ಜೊತೆ, ಮೂವತ್ತಾಯ್ತು. ಉಳಿದಿದ್ದು ಒಂದು ಪೆನ್ಸಿಲ್ಲು, ನಾಕು ರೂಪಾಯಿ."

"ಇದು ಬುಕ್ಕಲ್ಲಿಲ್ಲ" ಅಂದ ಫಸ್ಟ್ ಬರುವವನು. ತಪ್ಪು ಅಂತ ಅನ್ನಲಿಲ್ಲ. ಅನ್ನಲು ಆಗಲಿಲ್ಲ.

ಅತ್ತಿಗೆ ಹಿಂದೆಯೇ ನಿಂತು ಕೇಳುತ್ತಿದ್ದರು. ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯಲಾರೆ. "ವೆರಿ ಗುಡ್" ಅನ್ನಲಿಲ್ಲ, ಚಪ್ಪಾಳೆ ಹೊಡೆಸಲಿಲ್ಲ. ಇಡೀ ಕ್ಲಾಸಿಗೆ ಕೇಳುವ ಹಾಗೆ, "ಎರಡು ಬಿಲ್ಲನ್ನ ಕೂಡಿಸಿದ್ರೆ ಜೊತೆ ಲೆಕ್ಕ ಸಿಗುತ್ತೆ ಅಂತ ಇವಳು ಕಂಡುಹಿಡಿದಿದ್ದಾಳೆ. ಸಮೀಕರಣಗಳನ್ನ ಹಂಗೆ ಕೂಡಿಸ್ಬೋದಾ? ಯಾಕೆ ಕೂಡಿಸ್ಬೋದು? ಎಲ್ಲಾ ಲೆಕ್ಕಕ್ಕೂ ಇದು ನಡೆಯುತ್ತಾ? ಹತ್ತು ನಿಮಿಷ ತಗೊಳ್ಳಿ" ಅಂದರು. ಹದಿಮೂರು ಗುಂಪುಗಳು ಅವಳ ವಿಧಾನವನ್ನು ಹಿಡಿದು ಎಳೆದಾಡತೊಡಗಿದವು. 3 ಮತ್ತು 2 ತಿರುವುಮುರುವಾಗಿ ಬಂದಿದ್ದಕ್ಕೆ ಜೊತೆ ಸರಿಯಾಗಿ ಕೂತಿತು, ಇಲ್ಲದಿದ್ದರೆ ಮೊದಲು ಗುಣಿಸಿಕೊಳ್ಳಬೇಕು ಅಂತ ಕಿಟಕಿ ಪಕ್ಕದ ಗುಂಪೊಂದು ಹೇಳಿತು. ಅದೇ ತಾನೆ ವರ್ಜಿಸುವ ವಿಧಾನ! ಪುಸ್ತಕದಲ್ಲಿ ಇಲ್ಲದ್ದು ಅಂದುಕೊಂಡದ್ದು ಪುಸ್ತಕದೊಳಗೇ ಇತ್ತು.

ಸ್ಟ್ಯಾನ್‌ಫರ್ಡಿನ ಎಲಿಜಬೆತ್ ಕೋಹೆನ್ ಅನ್ನುವ ಸಮಾಜಶಾಸ್ತ್ರಜ್ಞೆ ಗುಂಪು ಕೆಲಸದ ಬಗ್ಗೆ ಬರೆಯುವಾಗ ಎತ್ತಿದ ದೊಡ್ಡ ಪ್ರಶ್ನೆ ಇದು: ಗುಂಪಿನಲ್ಲಿ ಯಾರ ಮಾತನ್ನು ಕೇಳುತ್ತಾರೆ? ಜಾಣ ಅಂತ ಹೆಸರು ಪಡೆದವನು ತಪ್ಪು ಹೇಳಿದರೂ ಕೇಳುತ್ತಾರೆ, ದಡ್ಡಿ ಅಂತ ಹೆಸರು ಬಿದ್ದವಳು ಸರಿ ಹೇಳಿದರೂ ಕೇಳುವುದಿಲ್ಲ. ಟೀಚರ್ ಆದವರು ಅಂಥ ಮಗು ಮಾಡಿದ ನಿಜವಾದ, ನಿರ್ದಿಷ್ಟವಾದ ಕೆಲಸವನ್ನು ಎಲ್ಲರೆದುರು ಗುರುತಿಸಿ ಹೇಳಬೇಕು ಅನ್ನುತ್ತಾರೆ ಕೋಹೆನ್. ಸುಳ್ಳು ಹೊಗಳಿಕೆ ನಡೆಯುವುದಿಲ್ಲ, ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ.

ಅಂದಹಾಗೆ, ಅವಳಿಗೆ ವಿನಾಯಿತಿ ಏನೂ ಸಿಗಲಿಲ್ಲ. "ಈಗ ನಿನ್ ಪಾಲಿನ ಆದೇಶ ವಿಧಾನ ಇಬ್ರಿಗೂ ಹೇಳ್ಕೊಡು" ಅಂತ ಅತ್ತಿಗೆ ಹೇಳಿ ಹೋದರು. ಭಿನ್ನರಾಶಿ ಬಂದ ಕಡೆ ನಿಂತಳು. "ಇಲ್ಲೀವರೆಗೂ ಅರ್ಥ ಆಯ್ತು" ಅಂತ ಗೋಡೆಯ ಮೇಲಿನ ಮೊದಲ ವಾಕ್ಯ ಹೇಳಿದಳು. ಫಸ್ಟ್ ಬರುವವನು ಈ ಸಲ ಉತ್ತರ ಹೇಳಲಿಲ್ಲ, ಸಾಲು ತೋರಿಸಿದ.

ಈ ಜಿಗ್‌ಸಾ ಗಣಿತದ ಎಲ್ಲ ಪಾಠಕ್ಕೂ ಹೊಂದುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಮೂರು ತುಂಡುಗಳು ಒಂದರ ಹಂಗಿಲ್ಲದೆ ಇನ್ನೊಂದು ನಿಲ್ಲುವಂತಿದ್ದರೆ ಸರಿ. ಒಂದರ ಮೇಲೊಂದು ಕಟ್ಟಿಕೊಂಡು ಹೋಗುವ ಪಾಠದಲ್ಲಿ ಮೊದಲ ಇಟ್ಟಿಗೆ ಇಲ್ಲದೆ ಮೂರನೆಯದನ್ನು ಒಬ್ಬರ ಕೈಗೆ ಕೊಟ್ಟರೆ ಪಾಪ, ಅವರೇನು ಮಾಡಬೇಕು? ಅಂಥ ಕಡೆ ಅತ್ತಿಗೆ ತಾವೇ ಬೋರ್ಡ್ ಹತ್ತಿರ ನಿಂತು ಪಾಠ ಮಾಡುತ್ತಾರೆ. ಅದರಲ್ಲಿ ಅವರಿಗೆ ಯಾವ ಸಂಕೋಚವೂ ಇಲ್ಲ.

ಕರ್ಣ, ವಿಕರ್ಣ, ಜೆರಾಕ್ಸ್

ಕನ್ನಡ ಮಾಧ್ಯಮದ ಗಣಿತದಲ್ಲಿ ಇನ್ನೊಂದು ತೊಡಕಿದೆ. ಪುಸ್ತಕದ ಕನ್ನಡ ಮಕ್ಕಳ ಕನ್ನಡ ಅಲ್ಲ. ಚತುರ್ಭುಜಕ್ಕೆ ಕರ್ಣ, ಲಂಬಕೋನ ತ್ರಿಭುಜಕ್ಕೆ ವಿಕರ್ಣ. "ಕರ್ಣನೂ ಅವ್ನೆ, ವಿಕರ್ಣನೂ ಅವ್ನೆ, ಇದೇನ್ ಗಣಿತಾನಾ ಕುರುಕ್ಷೇತ್ರಾನಾ ಮಿಸ್?" ಅಂತ ಒಬ್ಬ ಹುಡುಗ ಕೇಳಿ ಇಡೀ ಕ್ಲಾಸನ್ನು ನಗಿಸಿದ್ದ. ಛೇದ ಅಂದರೆ ಯಾವುದು ಅಂತ ಹತ್ತನೇ ಕ್ಲಾಸಿನಲ್ಲೂ ಕೆಲವರು ತಡವರಿಸುತ್ತಾರೆ. ಆದರೆ "ಗೆರೆ ಕೆಳಗಿಂದು" ಅಂದರೆ ಎಲ್ಲರಿಗೂ ಗೊತ್ತು.

ದೊಡ್ಡವರು ಎದುರಿಗಿದ್ದರೆ ಮಕ್ಕಳಿಗೆ ಪುಸ್ತಕದ ಪದವೇ ಬೇಕೇನೋ ಅನ್ನುವ ಭಯ. ಆ ಪದ ನೆನಪಿಗೆ ಬಾರದಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಾರೆ, ನಾವು ಅವರಿಗೆ ಗಣಿತ ಬರುವುದಿಲ್ಲ ಅಂದುಕೊಳ್ಳುತ್ತೇವೆ. ಗುಂಪಿನಲ್ಲಿ ಆ ಭಯ ಕಮ್ಮಿ. ಸರ್ವಸಮ ಮತ್ತು ಸಮರೂಪ ತ್ರಿಭುಜಗಳ ವ್ಯತ್ಯಾಸವನ್ನು ಒಬ್ಬಳು ಗೆಳತಿಗೆ ವಿವರಿಸಿದ್ದು ಹೀಗೆ: "ಸರ್ವಸಮ ಅಂದ್ರೆ ಜೆರಾಕ್ಸು. ಸಮರೂಪ ಅಂದ್ರೆ ಮೊಬೈಲಲ್ಲಿ ಫೋಟೊ ಝೂಮ್ ಮಾಡ್ತೀವಲ್ಲ, ಅದು. ಮೂತಿ ಅದೇ, ಸೈಜ್ ಬೇರೆ." ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಅತ್ತಿಗೆ ಅದನ್ನು ಹಾಗೇ ಗೋಡೆ ಮೇಲೆ ಬರೆಸಿ, ಪಕ್ಕದಲ್ಲಿ ಇನ್ನೊಂದು ಸಾಲು ಬರೆಯಲು ಹೇಳಿದರು: ಝೂಮ್ ಮಾಡಿದಾಗ ಏನು ಬದಲಾಗಲ್ಲ? ಕೋನ. ಏನು ಬದಲಾಗುತ್ತೆ? ಬಾಹು. ಹೆಂಗೆ ಬದಲಾಗುತ್ತೆ? ಎಲ್ಲ ಬಾಹುಗಳೂ ಒಂದೇ ಅನುಪಾತದಲ್ಲಿ. ಹೀಗೆ ಪುಸ್ತಕದ ಪದ ಕೊನೆಗೆ ಬಂತು, ಬಂದಾಗ ಅದಕ್ಕೆ ಕೂರಲು ಜಾಗ ಸಿದ್ಧವಾಗಿತ್ತು.

ಪರೀಕ್ಷೆಯಲ್ಲಿ ಪುಸ್ತಕದ ಪದವೇ ಬೇಕು, ಅದರಲ್ಲಿ ರಾಜಿ ಇಲ್ಲ. ನನ್ನ ತಕರಾರು ಅನುಕ್ರಮದ ಬಗ್ಗೆ ಮಾತ್ರ.

"ನನ್ ಮಗ ಮೇಷ್ಟ್ರ ಕೆಲಸಕ್ಕೆ ಬರ್ತಿಲ್ಲ"

ಇಷ್ಟಾದರೂ ಎಲ್ಲರೂ ಖುಷಿಯಾಗಿಲ್ಲ. ಫಸ್ಟ್ ಬರುವ ಹುಡುಗನ ತಂದೆ ಒಂದು ದಿನ ಶಾಲೆಗೆ ಬಂದರು. "ಮೇಡಂ, ನಮ್ ಹುಡ್ಗ ಬೇರೆಯವ್ರಿಗೆ ಹೇಳ್ಕೊಡೋಕೆ ಸ್ಕೂಲಿಗೆ ಬರ್ತಾ ಇಲ್ಲ. ಅವನು ನೂರಕ್ಕೆ ನೂರು ತಗೋಬೇಕು. ಆ ಟೈಮಲ್ಲಿ ಇನ್ನೆರಡು ಲೆಕ್ಕ ಮಾಡ್ಕೊಳ್ತಿದ್ದ."

ನ್ಯಾಯವಾದ ಪ್ರಶ್ನೆ ಅಂತಲೇ ನನಗೆ ಅನ್ನಿಸಿತು. ಇದನ್ನು ಬರೀ ಸ್ವಾರ್ಥ ಅಂತ ತಳ್ಳಿಹಾಕುವವರು ಆ ಅಪ್ಪನ ಜಾಗದಲ್ಲಿ ನಿಂತು ನೋಡಿಲ್ಲ. ಒಂದು ಸೀಟು, ಒಂದು ಸ್ಕಾಲರ್‌ಶಿಪ್ ಅಂತಹ ಮನೆಗೆ ಏನು ಅಂತ ನಮಗೆಲ್ಲ ಗೊತ್ತು.

ಅತ್ತಿಗೆ ವಾದ ಮಾಡಲಿಲ್ಲ. ಹುಡುಗನ ಎರಡು ಟೆಸ್ಟ್ ಪೇಪರ್ ತಂದು ಮುಂದಿಟ್ಟರು. ಜೂನ್ ತಿಂಗಳ ಪೇಪರಿನಲ್ಲಿ ಉತ್ತರಗಳೆಲ್ಲ ಸರಿ, ಮಾರ್ಕ್ಸ್ ಪೂರ್ತಿ ಇಲ್ಲ. ಮನಸ್ಸಿನಲ್ಲೇ ಮಾಡಿ ನೇರ ಉತ್ತರ ಬರೆದಿದ್ದ. ಎಸ್ಸೆಸ್ಸೆಲ್ಸಿ ಲಿಖಿತ ಪರೀಕ್ಷೆಯ 80 ಅಂಕದಲ್ಲಿ ಮಾರ್ಕ್ಸ್ ಸಿಗುವುದು ಹಂತ ಹಂತಕ್ಕೆ. ಸೆಪ್ಟೆಂಬರ್ ಪೇಪರಿನಲ್ಲಿ ಪ್ರತಿ ಸಾಲೂ ಇತ್ತು, ಪಕ್ಕದಲ್ಲಿ ಕಾರಣವೂ ಇತ್ತು. "ಮಧ್ಯದಲ್ಲಿ ನಾನೇನೂ ಹೇಳ್ಲಿಲ್ಲ ಸರ್. ಇನ್ನೊಬ್ರು 'ಹೆಂಗ್ ಬಂತು' ಅಂತ ಕೇಳಿ ಕೇಳಿ ಅವನಿಗೇ ಅಭ್ಯಾಸ ಆಗಿದೆ" ಅಂದರು. ತಂದೆ ಪೂರ್ತಿ ಒಪ್ಪಿದರೋ ಇಲ್ಲವೋ, ಪೇಪರ್ ಮಡಿಚಿ ಜೇಬಿಗಿಟ್ಟುಕೊಂಡು ಹೋದರು. ವಾರಕ್ಕೆ ಎರಡು ದಿನ ಅವನಂಥ ನಾಲ್ಕೈದು ಜನರನ್ನೇ ಒಟ್ಟಿಗೆ ಕೂರಿಸಿ ಕಷ್ಟದ ಲೆಕ್ಕ ಕೊಡುತ್ತೇನೆ ಅಂತ ಅತ್ತಿಗೆ ಮಾತು ಕೊಟ್ಟಿದ್ದಾರೆ, ನಡೆಸುತ್ತಲೂ ಇದ್ದಾರೆ.

ಜಾಣರಿಗೆ ಗುಂಪು ಬೇಡ ಅನ್ನುವವರಿಗೆ ಬರ್ಕ್ಲಿಯ ಕಥೆ ಹೇಳಬೇಕು. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಯೂರಿ ಟ್ರೀಸ್ಮನ್ ಅನ್ನುವವರು ಒಂದು ಪ್ರಶ್ನೆಯ ಹಿಂದೆ ಬಿದ್ದರು. ಹೈಸ್ಕೂಲಿನಲ್ಲಿ ಚೆನ್ನಾಗಿ ಓದಿ ಬಂದ ಕಪ್ಪು ವಿದ್ಯಾರ್ಥಿಗಳು ಕ್ಯಾಲ್ಕುಲಸ್‌ನಲ್ಲಿ ಯಾಕೆ ಫೇಲಾಗುತ್ತಿದ್ದಾರೆ? ಆಸಕ್ತಿ ಇಲ್ಲ, ಮನೆಯವರ ಬೆಂಬಲ ಇಲ್ಲ ಅಂತೆಲ್ಲ ಪ್ರಾಧ್ಯಾಪಕರು ಊಹಿಸಿದ್ದರು. ಟ್ರೀಸ್ಮನ್ ಇಪ್ಪತ್ತು ಕಪ್ಪು ವಿದ್ಯಾರ್ಥಿಗಳ, ಇಪ್ಪತ್ತು ಚೀನೀ ಮೂಲದ ವಿದ್ಯಾರ್ಥಿಗಳ ಜೊತೆಗಿದ್ದು ಅವರು ಓದುವ ಬಗೆಯನ್ನೇ ಗಮನಿಸಿದರು. ಊಹೆಗಳು ಯಾವುವೂ ನಿಲ್ಲಲಿಲ್ಲ. ಕಪ್ಪು ವಿದ್ಯಾರ್ಥಿಗಳು ಶ್ರದ್ಧೆಯಿಂದ ಓದುತ್ತಿದ್ದರು, ಆದರೆ ಒಬ್ಬೊಬ್ಬರೇ. ಚೀನೀ ಮೂಲದವರು ತಮ್ಮ ಪಾಡಿಗೆ ಓದಿ, ಆಮೇಲೆ ಸಂಜೆ ಸೇರಿ, ಊಟ ಮಾಡುತ್ತಾ ಒಬ್ಬರ ಉತ್ತರ ಇನ್ನೊಬ್ಬರು ತಿದ್ದುತ್ತಿದ್ದರು. ಟ್ರೀಸ್ಮನ್ ಮುಂದೆ ನಡೆಸಿದ ಕಾರ್ಯಾಗಾರಗಳಲ್ಲಿ ಸುಲಭದ ಲೆಕ್ಕ ಕೊಟ್ಟು ಕೈಹಿಡಿದು ನಡೆಸಲಿಲ್ಲ. ಒಬ್ಬರಿಂದ ಆಗದಷ್ಟು ಕಷ್ಟದ ಲೆಕ್ಕ ಕೊಟ್ಟು ಒಟ್ಟಿಗೆ ಕೂರಿಸಿದರು. ಫಲಿತಾಂಶ ತಿರುಗಿತು.

ನಮ್ಮ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಎಂ-3 ಪಾಸಾದವರ ಕಥೆಯೂ ಇದೇ ಅಲ್ಲವಾ?

ಬಳ್ಳಾರಿ, 1823

ಇದೆಲ್ಲ ಅಮೆರಿಕದ ಸರಕು ಅಂತ ಮೂಗು ಮುರಿಯುವವರಿಗೆ ಒಂದು ವಿಷಯ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ಜಿಲ್ಲೆಗಳ ಶಾಲೆಗಳ ವಿವರ ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರಲ್ಲಿ ಒಂದು ವರದಿ ಕಳಿಸಿದರು. ಜಿಲ್ಲೆಯಲ್ಲಿ 533 ಶಾಲೆ, 6,641 ಮಕ್ಕಳು. ಅದರಲ್ಲಿ 235 ಕನ್ನಡ ಶಾಲೆಗಳು. ಮುಂದಿರುವ ಮಕ್ಕಳು ಹಿಂದಿರುವವರಿಗೆ ಕಲಿಸುತ್ತಾರೆ, ಕಲಿಸುತ್ತಾ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುತ್ತಾರೆ, ಇಂಗ್ಲೆಂಡ್ ಇದನ್ನು ನಕಲು ಮಾಡಿದ್ದು ಸರಿಯಾಗಿಯೇ ಇದೆ ಅನ್ನುವ ಅರ್ಥದಲ್ಲಿ ಬರೆದಿದ್ದಾರೆ. ಅವರು ಹೇಳುತ್ತಿದ್ದ ನಕಲು ಆ್ಯಂಡ್ರ್ಯೂ ಬೆಲ್ ಅನ್ನುವ ಪಾದ್ರಿ ಮದ್ರಾಸಿನ ಎಗ್ಮೋರಿನ ಅನಾಥಾಲಯದಲ್ಲಿ ಪ್ರಯೋಗ ಮಾಡಿ 1797ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ, ಮಕ್ಕಳೇ ಮಕ್ಕಳಿಗೆ ಕಲಿಸುವ ಪದ್ಧತಿ.

ಹಾಗಂತ ಕೂಲಿ ಮಠದ ಕಾಲ ಚಿನ್ನದ ಕಾಲ ಅಂತ ನಾನು ಹೇಳುತ್ತಿಲ್ಲ. ಅದೇ ಕ್ಯಾಂಪ್‌ಬೆಲ್ ಅದೇ ವರದಿಯಲ್ಲಿ, ಮಕ್ಕಳು ರಾಶಿ ರಾಶಿ ಪದ್ಯ ಬಾಯಿಪಾಠ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ಗೊತ್ತಿರುವಷ್ಟೇ ಅಂತಲೂ ಗೊಣಗಿದ್ದಾರೆ. ಒಬ್ಬರಿಗೊಬ್ಬರು ಹೇಳಿಕೊಡುವುದು ಇತ್ತು, ಹೇಳಿಕೊಟ್ಟದ್ದು ಬಾಯಿಪಾಠ. ಇನ್ನೂರು ವರ್ಷ ಆದಮೇಲೆ ಅತ್ತಿಗೆ ಒದ್ದಾಡುತ್ತಿರುವುದು ಈ ಎರಡನೇ ಭಾಗದ ಜೊತೆ.

ಒದ್ದಾಟ ಅಂದರೆ ಒದ್ದಾಟವೇ. ಪಕ್ಕದ ಕ್ಲಾಸಿನವರಿಗೆ ಗಲಾಟೆ. ಸಿಲಬಸ್ ಮುಗಿಯಬೇಕು. ಚುನಾವಣೆ ಕೆಲಸ, ಗಣತಿ ಕೆಲಸ, ಅದಕ್ಕೊಂದಷ್ಟು ದಿನ. ಆದ್ದರಿಂದ ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ಪೀರಿಯಡ್ ಮಾತ್ರ ಹೀಗೆ. ಉಳಿದದ್ದು ಮಾಮೂಲು ಪಾಠ, ಆದರೆ ಮಧ್ಯದಲ್ಲಿ ಎರಡು ನಿಮಿಷ "ಪಕ್ಕದವರಿಗೆ ಹೇಳಿ" ಇರುತ್ತದೆ. ಮೊದಲು ಒಬ್ಬರೇ ಯೋಚಿಸಿ, ಆಮೇಲೆ ಜೊತೆಯವರಿಗೆ ಹೇಳಿ, ಆಮೇಲೆ ಕ್ಲಾಸಿಗೆ ಹೇಳಿ. ಇದಕ್ಕೆ ಖರ್ಚಿಲ್ಲ, ಕಪ್ಪು ಗೋಡೆಯೂ ಬೇಡ. ಗುಂಪಲ್ಲಿ ಮಾತಾಡಲು ಆಗದ ಒಂದಿಬ್ಬರು ಮಕ್ಕಳು ಇವತ್ತಿಗೂ ಇದ್ದಾರೆ. ಅವರನ್ನು ಬಲವಂತ ಮಾಡುವುದಿಲ್ಲ. ಚೀಟಿಯಲ್ಲಿ ಅವರ ನಂಬರ್ ಬಂದರೆ ಬರೆದು ತೋರಿಸಬಹುದು.

ಪೆಟ್ಟಿಗೆ ಅಂಗಡಿಯ ಹುಡುಗಿ ಈಗ ರಜೆ ಹಾಕುವುದು ಕಮ್ಮಿಯಾಗಿದೆಯಾ ಅಂತ ಕೇಳಿದೆ. "ಗಣಿತ ಇರೋ ದಿನ ಬರ್ತಾಳೆ. ಗುಂಪಿನವರು ಬಂದು ಅಂಗಡಿ ಹತ್ರ ಕರೀತಾರೆ, ಅವಳಿಲ್ದಿದ್ರೆ ಒಂದು ವಿಧಾನ ಕಮ್ಮಿ ಆಗುತ್ತಲ್ಲ" ಅಂದರು. ಪಾಸಾಗುತ್ತಾಳಾ? ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಚಿನಲ್ಲಿದ್ದಾಳೆ. ಭಿನ್ನರಾಶಿ ಇನ್ನೂ ಕಾಡುತ್ತಿದೆ.

ಹೋದ ಸಲ ಹೋದಾಗ ಸಂಭವನೀಯತೆಯ ಪಾಠ ನಡೆಯುತ್ತಿತ್ತು. ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಲ್ಲಿ ಒಂದು ಚಂದದ ಪ್ರಶ್ನೆ ಇದೆ. ಎರಡು ನಾಣ್ಯ ಒಟ್ಟಿಗೆ ಚಿಮ್ಮಿದರೆ ಎರಡೂ ಹೆಡ್, ಎರಡೂ ಟೇಲ್, ಒಂದೊಂದು, ಹೀಗೆ ಮೂರು ಸಾಧ್ಯತೆ, ಆದ್ದರಿಂದ ಪ್ರತಿಯೊಂದಕ್ಕೂ ಮೂರರಲ್ಲೊಂದು ಅಂತ ಒಬ್ಬರು ವಾದಿಸುತ್ತಾರೆ, ಸರಿಯಾ? ಅರ್ಧ ಕ್ಲಾಸು ಸರಿ ಅಂತ ಪಟ್ಟು ಹಿಡಿದಿತ್ತು. ಅದರಲ್ಲಿ ಅವಮಾನ ಏನೂ ಇಲ್ಲ. ಫ್ರಾನ್ಸಿನ ದೊಡ್ಡ ಗಣಿತಜ್ಞ ಡಾಲಂಬೇರ್ 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಇದರ ಹತ್ತಿರದ ತಪ್ಪನ್ನೇ ಮಾಡಿದ್ದ. ಎರಡು ಸಲ ಚಿಮ್ಮಿದರೆ ಒಂದಾದರೂ ಹೆಡ್ ಬರುವ ಸಂಭವನೀಯತೆ ನಾಲ್ಕರಲ್ಲಿ ಮೂರು, ಅವನು ಮೂರರಲ್ಲಿ ಎರಡು ಅಂದಿದ್ದ.

ಅತ್ತಿಗೆ ಉತ್ತರ ಹೇಳಲಿಲ್ಲ. "ಸೋಮವಾರ ಬನ್ನಿ, ಯಾರ್ ಸರಿ ಅಂತ ನೀವೇ ತೋರಿಸಿ" ಅಂದು ಬೆಲ್ ಹೊಡೆದ ಮೇಲೆ ಕಳಿಸಿಬಿಟ್ಟರು.

ಸಂಜೆ ಬೆಂಗಳೂರು ಬಸ್ಸಿಗೆ ಕಾಯುತ್ತಿದ್ದೆ. ಪೆಟ್ಟಿಗೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಮೂವರು ಕೂತಿದ್ದರು. ಒಬ್ಬ ಎರಡು ನಾಣ್ಯ ಚಿಮ್ಮುತ್ತಿದ್ದ, ಒಂದು ಎರಡು ರೂಪಾಯಿಯದು, ಇನ್ನೊಂದು ಐದರದು. ಇನ್ನೊಬ್ಬ ಕೂಗಿ ಹೇಳುತ್ತಿದ್ದ. ಹುಡುಗಿ ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತಾ ಮಧ್ಯೆ ಮಧ್ಯೆ ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಿದ್ದಳು. ನನ್ನ ಬಸ್ ಬರುವ ಹೊತ್ತಿಗೆ ನೂರು ಸಲ ಆಗಿತ್ತು. ಒಂದು ಹೆಡ್ ಒಂದು ಟೇಲ್ ಬಂದದ್ದು 52. "ಎರಡ್ ರೂಪಾಯ್ದು ಹೆಡ್ಡು ಐದರದ್ದು ಟೇಲು ಬೇರೆ, ಐದರದ್ದು ಹೆಡ್ಡು ಎರಡರದ್ದು ಟೇಲು ಬೇರೆ, ಎರಡೂ ಒಂದೇ ಅಲ್ಲ ಕಣೋ" ಅಂತ ಅವಳು ಹೇಳುತ್ತಿದ್ದದ್ದು ಬಸ್ ಹತ್ತುವಾಗ ಕೇಳಿಸಿತು.